ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು

ಆಷಾಢ ಬಂತೆಂದರೆ ಹೊಲಿಗೆಯವರ ಕೈ ಖಾಲಿ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಗೌರಿ ಹಬ್ಬದ ಬ್ಲೌಸುಗಳು ಬರಲು ಇನ್ನೂ ಸಮಯವಿರುತ್ತದೆ. ಹಾಸನದಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಮದುವೆಯಾಗಿ ಬಂದಾಗಿನಿಂದ ಅಲ್ಲೇ ಹೆಂಗಸರ ಬಟ್ಟೆ ಹೊಲಿಯುತ್ತಿದ್ದೇನೆ. ಆ ಬಿಡುವಿನ ದಿನಗಳಲ್ಲಿ ಸ್ನಾನ ಮಾಡುವಾಗ ಎಡ ಸ್ತನದ ಮೇಲ್ಭಾಗದಲ್ಲಿ, ಕಂಕುಳಿನ ಕಡೆಗೆ, ಗಟ್ಟಿಯಾದದ್ದೇನೋ ಕೈಗೆ ತಾಗಿತು. ನೋವಿರಲಿಲ್ಲ. ಒತ್ತಿದರೆ ಜರುಗುತ್ತಲೂ ಇರಲಿಲ್ಲ. ಆಗ ನನಗೆ 46 ವರ್ಷ.

ದಿನಬೆಳಗಾದರೆ ಹೆಂಗಸರ ಎದೆಯ ಅಳತೆ ತೆಗೆಯುವವಳು ನಾನು. ಎರಡೂ ಕಡೆ ಸರಿಸಮ ಇರುವವರು ಅಪರೂಪ, ವಯಸ್ಸಿನ ಜೊತೆ ಆಕಾರ ಬದಲಾಗುತ್ತದೆ, ಮುಟ್ಟಿನ ಹಿಂದೆಮುಂದೆ ಅರ್ಧ ಇಂಚು ಹೆಚ್ಚುಕಡಿಮೆ ಆಗುತ್ತದೆ. ಇದೆಲ್ಲ ನನಗೆ ಗೊತ್ತು. ಇದು ಆ ಪೈಕಿ ಅಲ್ಲ ಎಂದು ಬೆರಳಿಗೇ ತಿಳಿಯಿತು. ರಾತ್ರಿ ಯಜಮಾನರಿಗೆ ಹೇಳಿದೆ. ಅವರು ಸಣ್ಣದೊಂದು ಸರಕು ವಾಹನ ಇಟ್ಟುಕೊಂಡು ಆಲೂರು, ಸಕಲೇಶಪುರದ ಕಡೆಯಿಂದ ಶುಂಠಿ, ಆಲೂಗಡ್ಡೆ ಸಾಗಿಸುತ್ತಾರೆ. ಮರುದಿನದ ಬಾಡಿಗೆ ಬಿಟ್ಟು ನನ್ನ ಜೊತೆ ಆಸ್ಪತ್ರೆಗೆ ಬಂದರು.

ಮ್ಯಾಮೊಗ್ರಾಂ ಯಂತ್ರದಲ್ಲಿ ಎರಡು ಫಲಕಗಳ ನಡುವೆ ಸ್ತನವನ್ನು ಒತ್ತಿ ಹಿಡಿಯುತ್ತಾರೆ. ನೋವಾಗುತ್ತದೆ, ಬೇಗ ಮುಗಿಯುತ್ತದೆ. ಆಮೇಲೆ ಸ್ಕ್ಯಾನಿಂಗ್. ಗಂಟು ಒಂದಲ್ಲ, ಎರಡು ಇವೆ, ಕಂಕುಳಿನಲ್ಲೂ ಒಂದು ಗ್ರಂಥಿ ದಪ್ಪಗಾಗಿದೆ ಎಂದರು. ಬಯಾಪ್ಸಿ ಎಂದಾಗ ಭಾವ ಅಡ್ಡ ಬಂದರು. ಸೂಜಿ ಚುಚ್ಚಿದರೆ ಅದು ಕೆರಳಿ ಮೈಯೆಲ್ಲ ಹರಡುತ್ತದೆ ಎಂದು ಯಾರೋ ಅವರಿಗೆ ಹೇಳಿದ್ದರಂತೆ. ಸೂಜಿಯಿಂದ ಹರಡುವುದಿಲ್ಲ, ಯಾವ ಜಾತಿಯದೆಂದು ತಿಳಿಯದೆ ಔಷಧಿ ಗೊತ್ತು ಮಾಡಲು ಬರುವುದಿಲ್ಲ ಎಂದು ವೈದ್ಯೆ ತಾಳ್ಮೆಯಿಂದ ವಿವರಿಸಿದರು. ಮರಗಟ್ಟುವ ಇಂಜೆಕ್ಷನ್ ಕೊಟ್ಟು ಶ್ಯಾವಿಗೆ ಎಳೆಯಂಥ ಚೂರುಗಳನ್ನು ತೆಗೆದರು.

ಮೊದಲ ವರದಿ ಕ್ಯಾನ್ಸರ್ ಎಂದಿತು. ಎರಡನೆಯ ವರದಿ ಬರಲು ಇನ್ನಷ್ಟು ದಿನ ಹಿಡಿಯಿತು. ಚಿಕಿತ್ಸೆಯ ದಾರಿ ತೋರಿಸುವುದು ಆ ಎರಡನೆಯದೇ. ಈಸ್ಟ್ರೋಜೆನ್, ಪ್ರೊಜೆಸ್ಟೆರಾನ್ ಹಾರ್ಮೋನುಗಳಿಗೆ ಗಂಟು ಓಗೊಡುತ್ತದೆಯೇ, ಹರ್-2 ಎಂಬ ಪ್ರೋಟೀನ್ ಹೆಚ್ಚಿದೆಯೇ ಎಂದು ಅದರಲ್ಲಿ ನೋಡುತ್ತಾರೆ. ನನ್ನದು ಹಾರ್ಮೋನಿಗೆ ಓಗೊಡುವಂಥದ್ದು, ಹರ್-2 ಇರಲಿಲ್ಲ. ಹರ್-2 ಇದ್ದಿದ್ದರೆ ಅದಕ್ಕೆಂದೇ ಬೇರೆ ಇಂಜೆಕ್ಷನ್ನುಗಳು ಸೇರಿಕೊಳ್ಳುತ್ತಿದ್ದವು. ಮೂರೂ ಇಲ್ಲದಿದ್ದರೆ ಕೊನೆಯಲ್ಲಿ ಕೊಡುವ ಹಾರ್ಮೋನ್ ಮಾತ್ರೆಯಿಂದ ಪ್ರಯೋಜನವಿರುತ್ತಿರಲಿಲ್ಲ.

"ನಿಮ್ಮ ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಬಂದಿತ್ತೇ?" ಎಂದು ವೈದ್ಯೆ ಕೇಳಿದರು. ಅಮ್ಮನ ಕಡೆ ಯಾರಿಗೂ ಇರಲಿಲ್ಲ, ಹಾಗೆಂದೇ ಹೇಳಿದೆ. "ತಂದೆಯ ಕಡೆಯೂ ಅಷ್ಟೇ ಮುಖ್ಯ" ಎಂದರು. ಆಗ ಸೋದರತ್ತೆ ನೆನಪಾದರು.

ಬೇಲೂರು ತಾಲ್ಲೂಕಿನ ನಮ್ಮ ಹಳ್ಳಿಮನೆಯಲ್ಲಿ ಹಿತ್ತಲಿಗೆ ತೆರೆದುಕೊಳ್ಳುವ ಕೋಣೆಯೊಂದಿತ್ತು. ಗಂಡನ ಮನೆಯಿಂದ ಬಂದ ಸೋದರತ್ತೆಯನ್ನು ಅಲ್ಲಿ ಮಲಗಿಸಿದ್ದರು. ಮಕ್ಕಳು ಆ ಕಡೆ ಸುಳಿಯುವಂತಿರಲಿಲ್ಲ. ಅವರಿಗೆ ತಟ್ಟೆ ಬೇರೆ, ಲೋಟ ಬೇರೆ. ಬಾಗಿಲು ತೆರೆದಾಗಲೆಲ್ಲ ಬೇವಿನ ಹೊಗೆಯ ವಾಸನೆ, ಅದರಡಿಯಲ್ಲಿ ಇನ್ನೊಂದು ವಾಸನೆ. ಎದೆಯಲ್ಲಿ ಗಾಯ ಎಂದಷ್ಟೇ ನಮಗೆ ಗೊತ್ತು. ಅವರು ತೀರಿಕೊಂಡ ಮೇಲೆ ಯಾರೂ ಆ ಮಾತೆತ್ತಲಿಲ್ಲ. ಅಪ್ಪ ಕೂಡ. ಅವರ ಎದೆಯಲ್ಲಿದ್ದದ್ದು ಏನೆಂದು ನನಗೆ ಅರ್ಥವಾದದ್ದು ನನ್ನದೇ ವರದಿಯನ್ನು ಕೈಯಲ್ಲಿ ಹಿಡಿದು ಆ ಕುರ್ಚಿಯಲ್ಲಿ ಕುಳಿತಾಗ.

ಅಂದು ಸಂಜೆ ಭಾವನ ಮನೆಯಲ್ಲಿ ಗಂಡಸರ ಸಭೆ ಸೇರಿತು. ಅತ್ತೆಗೆ ವಯಸ್ಸಾಗಿದೆ, ನನಗೆ ಒಂದು ಗಡ್ಡೆ ತೆಗೆಸುತ್ತಾರೆ ಎಂದಷ್ಟೇ ಅವರಿಗೆ ಹೇಳುವುದು. ಮಗಳು ಪಿಯುಸಿ ಎರಡನೇ ವರ್ಷ, ಅವಳ ಓದು ಕೆಡಬಾರದು. ಮಗ ಚಿಕ್ಕವನು. ನೆಂಟರಿಗೆ ಸುದ್ದಿ ಹೋಗಬಾರದು. ಎಲ್ಲ ನನ್ನ ಒಳ್ಳೆಯದಕ್ಕೇ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ. ಮನೆಗೆ ಬಂದು ಊಟ ಬಡಿಸುವ ಮೊದಲೇ ಎಲ್ಲರನ್ನೂ ಕೂರಿಸಿ, ನನಗೆ ಸ್ತನ ಕ್ಯಾನ್ಸರ್ ಬಂದಿದೆ, ಆಪರೇಷನ್ ಆಗಬೇಕು, ಕೀಮೋ ಕೊಡುತ್ತಾರೆ, ಕೂದಲು ಹೋಗುತ್ತದೆ, ಚಿಕಿತ್ಸೆ ಇದೆ ಎಂದು ಹೇಳಿಬಿಟ್ಟೆ. ಹಿತ್ತಲ ಕೋಣೆಯಂಥದ್ದು ನಮ್ಮ ಮನೆಯಲ್ಲಿ ಬೇಡವೆಂದು ಮನಸ್ಸಿನಲ್ಲಿತ್ತು. ಅದನ್ನು ಮಾತ್ರ ಹೇಳಲಿಲ್ಲ.

ಮಗ ಕೇಳಿದ್ದು ಒಂದೇ, ಅದು ಅಂಟುತ್ತದೆಯೇ ಎಂದು. ಇಲ್ಲ ಎಂದೆ. ಮಗಳು ಎದ್ದು ಹೋಗಿ ಬಚ್ಚಲಿನ ಬಾಗಿಲು ಹಾಕಿಕೊಂಡಳು. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗೆ ಹೇಳುವುದು ಬೇಡ ಎಂದು ದೊಡ್ಡವನು ಹೇಳಿರಬೇಕು, ಅಲ್ಲವೇ?" ಎಂದರು. "ಏನು ಕಾಯಿಲೆ ಎಂದು ಗೊತ್ತಿಲ್ಲದೆ ನಾನು ದೇವರ ಮುಂದೆ ನಿಂತು ಏನೆಂದು ಬೇಡಿಕೊಳ್ಳಲಿ? ಅವನಿಗೆ ಬುದ್ಧಿ ಬೇಡವೇ?" ಹಿರಿಯ ಮಗನನ್ನು ಅವರು ಹೀಗೆ ಬೈದದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಬೆಂಗಳೂರಿನಲ್ಲಿರುವ ಅಣ್ಣ ಬಿಡಲಿಲ್ಲ. ದೊಡ್ಡ ಊರು, ದೊಡ್ಡ ಡಾಕ್ಟರು, ಚಿಕಿತ್ಸೆ ಮುಗಿಯುವವರೆಗೆ ನಮ್ಮಲ್ಲೇ ಇರು ಎಂದ. ಕಾಗದಗಳನ್ನೆಲ್ಲ ತೆಗೆದುಕೊಂಡು ಹೋಗಿ ಅಲ್ಲಿಯ ಹಿರಿಯ ವೈದ್ಯರೊಬ್ಬರಿಗೆ ತೋರಿಸಿದೆವು. ಅವರು ಎಲ್ಲವನ್ನೂ ಓದಿ, ನಿಮ್ಮ ಊರಿನವರು ಬರೆದಿರುವುದನ್ನೇ ನಾನೂ ಬರೆಯುತ್ತೇನೆ, ಔಷಧಿಗಳೂ ಅವೇ, ಕ್ರಮವೂ ಅದೇ ಎಂದರು. ಆಮೇಲೆ ಅವರು ಹೇಳಿದ ಮಾತು ನನಗೆ ದಾರಿ ತೋರಿಸಿತು. ಕೀಮೋ ಹಾಕಿಸಿಕೊಳ್ಳುವ ದಿನ ಅಪಾಯ ಕಡಿಮೆ, ಅಪಾಯ ಇರುವುದು ಅದಾದ ಮೇಲಿನ ಎರಡನೆಯ ವಾರದಲ್ಲಿ. ಬಿಳಿ ರಕ್ತಕಣಗಳು ಇಳಿದಾಗ ಜ್ವರ ಬಂದರೆ ಗಂಟೆಯೊಳಗೆ ಆಸ್ಪತ್ರೆಯಲ್ಲಿರಬೇಕು. ಆ ವಾರ ನೀವು ಎಲ್ಲಿರುತ್ತೀರೋ ಅಲ್ಲಿಗೆ ಹತ್ತಿರದ ಆಸ್ಪತ್ರೆಯನ್ನು ಆರಿಸಿಕೊಳ್ಳಿ. ಬೆಂಗಳೂರಿನಲ್ಲಿ ಕೀಮೋ ಮುಗಿಸಿ ಹಾಸನಕ್ಕೆ ಬಂದು ಮಲಗಿದರೆ ಆಸ್ಪತ್ರೆ 180 ಕಿಲೋಮೀಟರ್ ದೂರ. ಅಲ್ಲೇ ಉಳಿದರೆ ಮಕ್ಕಳು 180 ಕಿಲೋಮೀಟರ್ ದೂರ. ಅಣ್ಣನಿಗೆ ಬೇಸರವಾಯಿತು, ಇರಲಿ. ಆಪರೇಷನ್ನೂ ವಿಕಿರಣ ಚಿಕಿತ್ಸೆಯೂ ತಂಗಿಯಿರುವ ಮೈಸೂರಿನಲ್ಲಿ, ಕೀಮೋ ಹಾಸನದಲ್ಲಿ ಎಂದು ತೀರ್ಮಾನಿಸಿದೆ.

ದುಡ್ಡಿನ ವಿಷಯವನ್ನೂ ಹೇಳಬೇಕು. ನಮ್ಮದು ಬಿಪಿಎಲ್ ಕಾರ್ಡು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಸಿಗುತ್ತದೆ, ಎಪಿಎಲ್ ಆದರೆ ಸರ್ಕಾರ ಭರಿಸುವುದು ನಿಗದಿತ ದರದ ಶೇ. 30ರಷ್ಟು. ಮೊದಲು ಸರ್ಕಾರಿ ಆಸ್ಪತ್ರೆಗೆ ತೋರಿಸಿ ಅಲ್ಲಿಂದ ಶಿಫಾರಸು ಪತ್ರ ಪಡೆಯಬೇಕಿತ್ತು. ಅಷ್ಟರಲ್ಲಿ ರೇಷನ್ ಕಾರ್ಡಿನಲ್ಲಿ ನನ್ನ ಹೆಸರಿನ ಕೊನೆಗೆ 'ಅಮ್ಮ' ಇದೆ, ಆಧಾರ್‌ನಲ್ಲಿ ಇಲ್ಲ ಎಂದು ಕಂಪ್ಯೂಟರ್ ತಗಾದೆ ತೆಗೆಯಿತು. ಆ 'ಅಮ್ಮ'ನನ್ನು ತೆಗೆಸಲು ಯಜಮಾನರು ಕಚೇರಿಯಿಂದ ಕಚೇರಿಗೆ ಅಲೆದು ಸುಸ್ತಾದರು. ಯೋಜನೆಯೊಳಗೆ ಬಾರದ ಕೆಲವು ಪರೀಕ್ಷೆಗಳಿಗೆ ಬಳೆ ಅಡವಿಟ್ಟೆವು. ಮೈಸೂರಿನ ಬಸ್ಸಿನಲ್ಲಿ ಮಾತ್ರ, ಶಕ್ತಿ ಯೋಜನೆಯ ದಯೆಯಿಂದ, ನನಗೂ ಜೊತೆಗೆ ಬರುತ್ತಿದ್ದ ನಾದಿನಿಗೂ ಶೂನ್ಯ ಟಿಕೆಟ್. ಅದಕ್ಕೇ ಜೊತೆಗೆ ಬರುವುದು ಹೆಂಗಸರ ಪಾಲಿಗೆ ಬಿತ್ತು, ಅದು ಒಳ್ಳೆಯದೇ ಆಯಿತು. ಗಂಡಸರು ಆಸ್ಪತ್ರೆಯ ಮೊಗಸಾಲೆಯಲ್ಲಿ ಕೂರಲಾರರು, ಎದ್ದೆದ್ದು ಟೀ ಕುಡಿಯಲು ಹೋಗುತ್ತಾರೆ.

ಗಂಟು ಒಂದೇ ಇದ್ದು ಚಿಕ್ಕದಾಗಿದ್ದರೆ ಅಷ್ಟನ್ನೇ ತೆಗೆದು ವಿಕಿರಣ ಕೊಡುವ ದಾರಿಯಿದೆ. ನನಗೆ ಎರಡು ಕಡೆ ದೂರದೂರವಾಗಿ ಇದ್ದುದರಿಂದ ಇಡೀ ಸ್ತನವನ್ನೂ ಕಂಕುಳಿನ ಗ್ರಂಥಿಗಳನ್ನೂ ತೆಗೆಯುವುದು ಸರಿ ಎಂದರು. ಒಪ್ಪಿದೆ. ಶ್ರಾವಣದಲ್ಲಿ ಆಪರೇಷನ್ ಆಯಿತು. ಎಚ್ಚರವಾದಾಗ ನೋವಿಗಿಂತ ಹೆಚ್ಚು ಕಾಡಿದ್ದು ಪಕ್ಕೆಯಿಂದ ಹೊರಬಂದಿದ್ದ ಕೊಳವೆ. ಅದರ ತುದಿಗೊಂದು ಬಾಟಲಿ, ಅದರಲ್ಲಿ ನಸುಗೆಂಪು ನೀರು. ಡ್ರೈನ್ ಎನ್ನುತ್ತಾರೆ. ಬಚ್ಚಲಿಗೆ ಹೋಗಬೇಕಾದರೂ ಅದನ್ನು ಕೈಯಲ್ಲಿ ಹಿಡಿದೇ ನಡೆಯಬೇಕು. ವಾರ್ಡಿನಲ್ಲಿ ಎಲ್ಲರೂ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಸೆರಗಿಗೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದರು. ನೋಡಲಾಗಲಿಲ್ಲ. ತಂಗಿಗೆ ಅಳತೆ ಬರೆದುಕೊಟ್ಟು, ಬ್ಲೌಸ್ ಬಟ್ಟೆಯ ಉಳಿಕೆ ಚೂರುಗಳಲ್ಲಿ ಉದ್ದ ಪಟ್ಟಿಯ ಚೀಲ ಹೊಲಿಸಿ ತರಿಸಿದೆ. ಅಡ್ಡಡ್ಡ ಹೆಗಲಿಗೆ ಹಾಕಿಕೊಂಡರೆ ಬಾಟಲಿ ಸೊಂಟದ ಹತ್ತಿರ ಕೂರುತ್ತದೆ, ಕೊಳವೆ ಎಳೆಯುವುದಿಲ್ಲ, ಎರಡೂ ಕೈ ಬಿಡುವು. ಪಕ್ಕದ ಮಂಚದ ಕೆ.ಆರ್. ನಗರದ ಹೆಂಗಸು ತನಗೊಂದು ಬೇಕೆಂದಳು. ಹೊಲಿಗೆ ಸುಮಾರಾಗಿತ್ತು. ತಂಗಿಗೆ ಮೂಲೆ ತಿರುಗಿಸಲು ಬರುವುದಿಲ್ಲ.

ಡ್ರೈನ್ ಇಟ್ಟುಕೊಂಡೇ ಮನೆಗೆ ಕಳುಹಿಸಿದರು. ದಿನಕ್ಕೆ ಎಷ್ಟು ಮಿಲಿಲೀಟರ್ ಬಂತೆಂದು ಬರೆದಿಡಬೇಕು, 30ಕ್ಕಿಂತ ಕಡಿಮೆಯಾಗಿ ಹಾಗೆಯೇ ನಿಂತರೆ ತೆಗೆಯುತ್ತಾರೆ. ಆ ಕೆಲಸವನ್ನು ಮಗನಿಗೆ ಕೊಟ್ಟೆ. ನಾದಿನಿ, ಮಗುವಿಗೆ ರಕ್ತ ತೋರಿಸುತ್ತೀಯಾ ಎಂದು ಗದರಿದಳು. ಅವನು ಗಣಿತದ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಗೆರೆ ಎಳೆದು, ದಿನಾಂಕ, ಬೆಳಗ್ಗೆ, ಸಂಜೆ, ಒಟ್ಟು ಎಂದು ಬರೆದು, ಬಾಟಲಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡುತ್ತಿದ್ದ. ಇಳಿಮುಖವಾದಂತೆ ಅವನ ಮುಖ ಗೆಲುವಾಗುತ್ತಿತ್ತು. ಮನೆಯಲ್ಲಿ ಒಬ್ಬರಿಗೆ ಕಾಯಿಲೆಯಾದಾಗ ಉಳಿದವರನ್ನು ಹೆದರಿಸುವುದು ಬಾಟಲಿಯಲ್ಲ, ಮಾಡಲು ಏನೂ ಕೆಲಸವಿಲ್ಲದೆ ಬಾಗಿಲ ಆಚೆ ನಿಲ್ಲುವುದು. ನನಗೆ ಅದರ ಅನುಭವವಿದೆ.

ತೋಳಿನ ವ್ಯಾಯಾಮ ಮಗಳ ಪಾಲು. ಗೋಡೆಗೆ ಎದುರಾಗಿ ನಿಂತು ಎಡಗೈ ಬೆರಳುಗಳನ್ನು ಒಂದೊಂದಾಗಿ ಮೇಲೆ ಹತ್ತಿಸಬೇಕು. ಮೊದಲ ದಿನ ಭುಜದ ಮಟ್ಟಕ್ಕೇ ಕಣ್ಣಲ್ಲಿ ನೀರು ಬಂತು. ಎಲ್ಲಿಯವರೆಗೆ ಮುಟ್ಟಿದೆನೋ ಅಲ್ಲಿ ಅವಳು ನಾನು ಬಟ್ಟೆಗೆ ಗುರುತು ಹಾಕುವ ಚಾಕ್‌ಪೀಸಿನಲ್ಲಿ ಗೀಟು ಹಾಕುತ್ತಿದ್ದಳು. ನೀಲಿ ಚಾಕ್‌ಪೀಸು, ಸುಲಭಕ್ಕೆ ಹೋಗುವುದಿಲ್ಲ. ನಾಳೆ ಇದಕ್ಕಿಂತ ಮೇಲೆ ಹೋಗದಿದ್ದರೆ ಟಿವಿ ಇಲ್ಲ ಎಂದು ನಾನು ಅವಳಿಗೆ ಹೇಳುತ್ತಿದ್ದ ಧಾಟಿಯಲ್ಲೇ ನನಗೆ ಹೇಳುತ್ತಿದ್ದಳು.

ಯಜಮಾನರ ವಿಷಯ ಬೇರೆ. ಓಡಾಟ, ಕಾಗದಪತ್ರ, ಔಷಧಿ ಯಾವುದರಲ್ಲೂ ಅವರು ಕಡಿಮೆ ಮಾಡಲಿಲ್ಲ. ಆದರೆ ನಾನು ಮನೆಗೆ ಬಂದ ರಾತ್ರಿಯಿಂದ, ನಿನಗೆ ಕೈ ತಾಗಬಾರದು ಎಂದು ಚಾಪೆ ಹಾಸಿಕೊಂಡು ನಡುಮನೆಯಲ್ಲಿ ಮಲಗಿದರು. ಡ್ರೈನ್ ತೆಗೆದ ಮೇಲೂ ಅಲ್ಲೇ. ಹೊಲಿಗೆ ಒಣಗಿದ ಮೇಲೂ ಅಲ್ಲೇ. ಒಂದು ದಿನ ಬಾಗಿಲು ಹಾಕಿ, ರವಿಕೆಯ ಹುಕ್ಕು ಬಿಚ್ಚಿ, ನೋಡಿ ಎಂದೆ. ಗಾಯದ ಗೆರೆ ಎದೆಯ ನಡುವಿನಿಂದ ಕಂಕುಳಿನವರೆಗೆ ಓರೆಯಾಗಿ ಹೋಗಿದೆ, ಒಳ್ಳೆಯ ಕೈಗೆಲಸ. ಅವರು ನೋಡಿದರು. "ಇಷ್ಟೇನಾ?" ಎಂದರು. ನಗು ಬಂತು, ಸಿಟ್ಟೂ ಬಂತು. ಅಂದಿನಿಂದ ಚಾಪೆ ಸುತ್ತಿಟ್ಟರು.

ಕೀಮೋಗೆ ಮೊದಲು ಹೃದಯದ ಎಕೋ ಪರೀಕ್ಷೆ ಮಾಡಿದರು. ಮೊದಲ ನಾಲ್ಕು ಸುತ್ತಿನ ಔಷಧಿಗಳಲ್ಲಿ ಒಂದಾದ ಅಡ್ರಿಯಾಮೈಸಿನ್ ಹೃದಯದ ಮೇಲೆ ಪರಿಣಾಮ ಮಾಡಬಹುದಂತೆ. ಅದರ ಜೊತೆ ಸೈಕ್ಲೋಫಾಸ್ಫಮೈಡ್. ಮೂರು ವಾರಕ್ಕೊಮ್ಮೆ. ಅಡ್ರಿಯಾಮೈಸಿನ್ ಕೆಂಪಗಿರುತ್ತದೆ, ಮೂತ್ರವೂ ಒಂದೆರಡು ದಿನ ಕೆಂಪಗೆ ಹೋಗುತ್ತದೆ. ನರ್ಸ್ ಮೊದಲೇ ಹೇಳಿದ್ದರಿಂದ ಗಾಬರಿಯಾಗಲಿಲ್ಲ. ವಾಂತಿಗೆ ಈಗ ಒಳ್ಳೆಯ ಮಾತ್ರೆಗಳಿವೆ. ನನ್ನನ್ನು ಹಣ್ಣು ಮಾಡಿದ್ದು ಬಾಯಿಯ ರುಚಿ. ನೀರು ಕುಡಿದರೂ ತುಕ್ಕು ಹಿಡಿದ ಕಬ್ಬಿಣ. ಅತ್ತೆ ಒಂದೊಂದೇ ಅಡುಗೆ ಮಾಡಿ ನೋಡಿ, ಕೊನೆಗೆ ಹುರುಳಿಕಟ್ಟಿನ ಸಾರು, ನಿಂಬೆಹುಳಿ ಹಿಂಡಿದ ಗಂಜಿ, ತಣ್ಣಗಾದ ಅಕ್ಕಿರೊಟ್ಟಿ ಎಂಬಲ್ಲಿಗೆ ಬಂದು ನಿಂತರು. ಬಾಯಿ ಹುಣ್ಣಿಗೆ ಉಪ್ಪು, ಅಡುಗೆ ಸೋಡಾ ಹಾಕಿದ ನೀರಿನಲ್ಲಿ ಮುಕ್ಕಳಿಸುವುದು. ವಾಂತಿ ತಡೆಯಲು ಕೊಡುವ ಸ್ಟಿರಾಯ್ಡಿನಿಂದ ನಿದ್ದೆ ಹಾರುತ್ತದೆ. ನಾನು ನಡುರಾತ್ರಿ ಎದ್ದು ದಾರದ ಉಂಡೆಗಳನ್ನು ಬಣ್ಣದ ಪ್ರಕಾರ ಜೋಡಿಸುತ್ತಿದ್ದೆ.

ಕೂದಲು ಎರಡನೆಯ ಸುತ್ತಿಗೆ ಮೊದಲೇ ಕೈಗೆ ಬರತೊಡಗಿತು. ಮಗಳು ನನ್ನ ಮೇಜಿನ ಮೇಲಿದ್ದ ದೊಡ್ಡ ಕತ್ತರಿ ತೆಗೆದುಕೊಂಡಳು. ಅದನ್ನು ಮುಟ್ಟಬೇಡ, ಕೂದಲಿಗೆ ಹಾಕಿದರೆ ಬಟ್ಟೆಗೆ ಬಾಯಿ ಹೋಗುತ್ತದೆ ಎಂದು ಕೂಗಿದೆ. ಬೇರೆ ಕತ್ತರಿಯಲ್ಲಿ ಕೆಲಸ ಮುಗಿಯಿತು.

ಆ ಬೆಂಗಳೂರಿನ ವೈದ್ಯರ ಮಾತು ನಿಜವಾದದ್ದು ಮೂರನೆಯ ಸುತ್ತಿನ ನಂತರ. ಯಜಮಾನರು ಸರಕು ಹೇರಿಕೊಂಡು ಘಟ್ಟದ ಕೆಳಗೆ ಹೋಗಿದ್ದರು. ರಾತ್ರಿ ಊಟದ ಹೊತ್ತಿಗೆ ಚಳಿ ಹತ್ತಿತು. 100.4 ಡಿಗ್ರಿ ದಾಟಿದರೆ ಕಾಯಬೇಡಿ, ಮನೆಯಲ್ಲಿ ಪ್ಯಾರಸಿಟಮಾಲ್ ನುಂಗಿ ಮಲಗಬೇಡಿ ಎಂದು ಹೇಳಿದ್ದರು. ಮಗಳು ಥರ್ಮಾಮೀಟರ್ ನೋಡಿದವಳೇ ಆಟೋ ಕರೆಸಿದಳು. ಆಸ್ಪತ್ರೆಯಲ್ಲಿ ಕೌಂಟರಿನವರು, ಜ್ವರ ತಾನೇ, ಚೀಟಿ ಮಾಡಿಸಿ ಸಾಲಿನಲ್ಲಿ ಕೂರಿ ಎಂದರು. ಅವಳು ಕೂರಲಿಲ್ಲ. ಕೀಮೋ ಕಾರ್ಡನ್ನು ಮೇಜಿನ ಮೇಲಿಟ್ಟು, "ಇವರಿಗೆ ಕೀಮೋ ಆಗಿ ಎರಡನೆಯ ವಾರ, ಕೊಟ್ಟ ಔಷಧಿ ಇದು, ಜ್ವರ 101, ಬಿಳಿ ರಕ್ತಕಣದ ಪರೀಕ್ಷೆ ಆಗಬೇಕು, ಆ್ಯಂಟಿಬಯಾಟಿಕ್ ತಡವಾಗಬಾರದು" ಎಂದು ಗಟ್ಟಿಯಾಗಿ ಹೇಳಿದಳು. ಒಳಗಿದ್ದ ವೈದ್ಯರು ಎದ್ದು ಬಂದರು. ಕಣಗಳು ತಳ ಮುಟ್ಟಿದ್ದವು. ದಾಖಲು ಮಾಡಿಕೊಂಡರು, ಕಣ ಹೆಚ್ಚಿಸುವ ಇಂಜೆಕ್ಷನ್ ಕೊಟ್ಟರು. ಅವಳ ಓದು ಕೆಡುತ್ತದೆ, ಹೇಳಬೇಡಿ ಎಂದಿದ್ದ ಭಾವ ಮರುದಿನ ಬಂದು ಸೇಬು ಇಟ್ಟು ಹೋದರು. ನಾನೂ ಏನೂ ಅನ್ನಲಿಲ್ಲ.

ನೆಂಟರು ಬರುತ್ತಿದ್ದರು. ಬಂದವರು ಕಿತ್ತಲೆಹಣ್ಣಿನ ಜೊತೆ ಒಂದೊಂದು ಸಾವಿನ ಕಥೆಯನ್ನೂ ತರುತ್ತಿದ್ದರು. ಒಬ್ಬರು ಲಕ್ಷ್ಮಣಫಲದ ಎಲೆ ಕುದಿಸಿ ಕುಡಿ ಎಂದರೆ, ಇನ್ನೊಬ್ಬರು ಮರದ ತೊಗಟೆಯ ಔಷಧಿ ತಂದುಕೊಡುತ್ತೇನೆ ಎಂದರು. ಕೀಮೋ ನಡೆಯುವಾಗ ಇನ್ನಾವ ಕಷಾಯವೂ ಬೇಡ, ಯಕೃತ್ತಿಗೆ ಹೊರೆಯಾಗುತ್ತದೆ ಎಂದು ವೈದ್ಯೆ ಹೇಳಿದ್ದರು. ಕಣ ಇಳಿದಿರುವ ದಿನಗಳಲ್ಲಿ ಜನರೇ ಬರಬಾರದು. ಇದನ್ನು ನೆಂಟರಿಗೆ ಯಾರು ಹೇಳುವುದು? ಅತ್ತೆ ಜಗುಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಬಂದವರಿಗೆ ಅಲ್ಲೇ ಕಾಫಿ, ಅಲ್ಲೇ ಮಾತು, ಅಲ್ಲಿಂದಲೇ ಬೀಳ್ಕೊಡುಗೆ. "ಅವಳು ಮಲಗಿದ್ದಾಳೆ" ಎನ್ನುತ್ತಿದ್ದರು, ನಾನು ಒಳಗೆ ಕಾಜಾ ಹೊಲಿಯುವ ಸದ್ದು ಕೇಳಿಸುತ್ತಿದ್ದರೂ.

ಹಾಸನಾಂಬೆಯ ಬಾಗಿಲು ತೆರೆಯುವುದು ವರ್ಷಕ್ಕೊಮ್ಮೆ, ಆಶ್ವಯುಜ ಹುಣ್ಣಿಮೆ ಕಳೆದ ಗುರುವಾರ. ಊರಿಗೆ ಊರೇ ಸಾಲಿನಲ್ಲಿ ನಿಲ್ಲುತ್ತದೆ. ಆ ಜನಸಂದಣಿಗೆ ನಾನು ಹೋಗುವಂತಿರಲಿಲ್ಲ. ಅತ್ತೆ ಮೊಣಕಾಲು ನೋವಿನಲ್ಲೂ ನಸುಕಿಗೇ ಹೋಗಿ ನಿಂತು ಮಧ್ಯಾಹ್ನ ಬಂದರು. ಏನು ಬೇಡಿಕೊಂಡಿರಿ ಎಂದೆ. "ಎಲ್ಲ ವಿವರವಾಗಿ ಹೇಳಿದೆ. ಎಡಗಡೆ ಎಂದೂ ಹೇಳಿದೆ" ಎಂದರು.

ಆಮೇಲೆ ಪ್ಯಾಕ್ಲಿಟಾಕ್ಸೆಲ್ ಎಂಬ ಇನ್ನೊಂದು ಕೀಮೋ ಔಷಧಿ, ವಾರಕ್ಕೊಮ್ಮೆ, 12 ವಾರ. ಇದು ಸುಲಭ ಎಂದು ಎಲ್ಲರೂ ಹೇಳುತ್ತಾರೆ. ಹೊಟ್ಟೆಗೆ ಸುಲಭ, ಸರಿ. ಆದರೆ ನರಗಳಿಗೆ ತಾಗಿ ಬೆರಳ ತುದಿ, ಅಂಗಾಲು ಜೋಮು ಹಿಡಿಯುತ್ತವೆ. ಧನುರ್ಮಾಸದ ಹಾಸನದ ಚಳಿ ಬೇರೆ. ಸೂಜಿ ಹಿಡಿದಿದ್ದೇನೋ ಇಲ್ಲವೋ ಬೆರಳಿಗೆ ತಿಳಿಯುತ್ತಿರಲಿಲ್ಲ, ಕಣ್ಣಿನಿಂದ ನೋಡಿ ಖಚಿತಪಡಿಸಿಕೊಳ್ಳಬೇಕಿತ್ತು. ರೇಷ್ಮೆ ಯಾವುದು, ಸಿಂಥೆಟಿಕ್ ಯಾವುದು ಎಂದು ಕಣ್ಣು ಮುಚ್ಚಿ ಮುಟ್ಟಿ ಹೇಳುತ್ತಿದ್ದವಳಿಗೆ ಎರಡೂ ಒಂದೇ ಆದವು. ಅಳುವುದಕ್ಕೆ ಸ್ತನ ಹೋದಾಗ ಪುರುಸೊತ್ತಾಗಿರಲಿಲ್ಲ, ಬೆರಳು ಮಂದವಾದಾಗ ಅತ್ತುಬಿಟ್ಟೆ. ಮಗ ಶಾಲೆಗೆ ಹೋಗುವ ಮುನ್ನ ಹತ್ತಾರು ಸೂಜಿಗಳಿಗೆ ದಾರ ಪೋಣಿಸಿ ಪಿನ್‌ಕುಶನ್ನಿಗೆ ಚುಚ್ಚಿಟ್ಟು ಹೋಗುತ್ತಿದ್ದ. ವೈದ್ಯೆಗೆ ಹೇಳಿದಾಗ ಪ್ರಮಾಣ ಸ್ವಲ್ಪ ತಗ್ಗಿಸಿದರು. ಹೇಳದಿದ್ದರೆ ಅವರಿಗೆ ತಿಳಿಯುವುದಿಲ್ಲ. ಬಲಗೈ ಈಗ ಬಹುಪಾಲು ಸರಿಹೋಗಿದೆ, ಎಡಗೈ ಹೆಬ್ಬೆರಳು ಇನ್ನೂ ಮಂದ.

ವಿಕಿರಣಕ್ಕೆ ಮಾರ್ಚ್‌ನಲ್ಲಿ ಮೈಸೂರಿಗೆ ಹೋದೆ. ಸೋಮವಾರದಿಂದ ಶುಕ್ರವಾರ, ಮೂರು ವಾರ. ಶನಿವಾರ ಭಾನುವಾರ ಹಾಸನ. ಯಂತ್ರದ ಕೆಳಗೆ ಎಡಗೈಯನ್ನು ತಲೆಯ ಮೇಲೆತ್ತಿ ಅಲ್ಲಾಡದೆ ಮಲಗಬೇಕು. ಗೋಡೆಯ ಮೇಲಿನ ನೀಲಿ ಗೀಟುಗಳ ಪ್ರಯೋಜನ ಅಲ್ಲಿ ತಿಳಿಯಿತು. ಕೈ ಏಳದವರಿಗೆ ವಿಕಿರಣ ಶುರು ಮಾಡಲು ಕಾಯುತ್ತಾರೆ. ಎಡಭಾಗವಾದ್ದರಿಂದ ಉಸಿರು ಒಳಗೆಳೆದು ಹಿಡಿಯಬೇಕು, ಆಗ ಹೃದಯ ಸ್ವಲ್ಪ ದೂರ ಸರಿಯುತ್ತದೆ. ನೋವಿಲ್ಲ. ಕೊನೆಯ ವಾರ ಚರ್ಮ ಕಪ್ಪಾಗಿ ಉರಿಯಿತು, ಅಷ್ಟೇ.

ತಂಗಿಗೆ 42. ನಾನು ಅಲ್ಲಿದ್ದಾಗಲೇ ಹಟ ಹಿಡಿದು ಅವಳಿಗೆ ಮ್ಯಾಮೊಗ್ರಾಂ ಮಾಡಿಸಿದೆ. ಸರಿಯಾಗಿತ್ತು. ಸೋದರತ್ತೆಯ ವಿಷಯ ಕೇಳಿ ಅಲ್ಲಿಯ ವೈದ್ಯರು ನನ್ನ ರಕ್ತವನ್ನು ಜೀನ್ ಪರೀಕ್ಷೆಗೂ ಕಳುಹಿಸಿದರು. ಬಿಆರ್‌ಸಿಎ-1, ಬಿಆರ್‌ಸಿಎ-2 ಎಂಬ ಜೀನುಗಳಲ್ಲಿ ದೋಷವಿದ್ದರೆ ಅದು ಗಂಡು ಹೆಣ್ಣೆನ್ನದೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಗಂಡಸಿನ ಮೂಲಕವೂ ಇಳಿಯುತ್ತದೆ. ವರದಿ ಬರುವವರೆಗೆ ಮಗಳ ಮುಖ ನೋಡಲು ಆಗುತ್ತಿರಲಿಲ್ಲ. ದೋಷ ಕಾಣಲಿಲ್ಲ. ಆದರೂ ತಂಗಿ ವರ್ಷಕ್ಕೊಮ್ಮೆ ತೋರಿಸಿಕೊಳ್ಳಬೇಕು, ಮಗಳೂ ವಯಸ್ಸು ಬಂದಾಗ ಮೈಮೇಲೆ ಗಮನ ಇಟ್ಟಿರಬೇಕು ಎಂದರು.

ಈಗ ದಿನಕ್ಕೊಂದು 20 ಮಿಲಿಗ್ರಾಂ ಟ್ಯಾಮಾಕ್ಸಿಫೆನ್, ಅದೇ ಆ ಹಾರ್ಮೋನ್ ಮಾತ್ರೆ. ಕನಿಷ್ಠ 5 ವರ್ಷ, ಅಗತ್ಯವಿದ್ದರೆ 10. ಇದ್ದಕ್ಕಿದ್ದಂತೆ ಮುಖಕ್ಕೆ ಬಿಸಿ ಏರಿ ಬೆವರುತ್ತದೆ. ಇಸ್ತ್ರಿ ಪೆಟ್ಟಿಗೆಯನ್ನು ಮಗಳಿಗೆ ಒಪ್ಪಿಸಿದ್ದೇನೆ. ಎಡತೋಳು ಊದಿಕೊಳ್ಳುವ ಸಾಧ್ಯತೆ ಇರುವುದರಿಂದ ಆ ಕೈಗೆ ಇಂಜೆಕ್ಷನ್ ಬೇಡ, ಗಾಯವಾಗದಂತೆ ನೋಡಿಕೊಳ್ಳಿ ಎಂದಿದ್ದಾರೆ. ದರ್ಜಿಗೆ ಹೇಳುವ ಮಾತೇ? ಸೂಜಿ ಚುಚ್ಚದಂತೆ ಬೆರಳಿಗೆ ಅಂಗುಸ್ತಾನ ಹಾಕಿಕೊಳ್ಳುತ್ತೇನೆ. ತೋಳಿನ ಸುತ್ತಳತೆ ನೋಡಲು ಆಸ್ಪತ್ರೆಗೆ ಹೋಗಬೇಕಾಗಿಲ್ಲ, ಟೇಪು ಕೊರಳಲ್ಲೇ ಇರುತ್ತದೆ.

ಹೋದ ಸ್ತನದ ಜಾಗಕ್ಕೆ ಇಟ್ಟುಕೊಳ್ಳುವ ಸಿಲಿಕೋನ್ ಪ್ಯಾಡ್ ಸಿಗುತ್ತದೆ, ದುಬಾರಿ, ಬೇಸಿಗೆಯಲ್ಲಿ ಬೆವರು. ನಾನೇ ಹೊಲಿದುಕೊಂಡೆ. ಹತ್ತಿ ಮಾತ್ರ ತುಂಬಿದರೆ ಹಗುರವಾಗಿ ಮೇಲಕ್ಕೇರುತ್ತದೆ, ಭುಜವೂ ವಾಲುತ್ತದೆ. ಒಳಗೊಂದು ಸಣ್ಣ ಚೀಲ ಮಾಡಿ ರಾಗಿ ತುಂಬಿದೆ. ಮಳೆಗಾಲದಲ್ಲಿ ಮುಗ್ಗಲು ವಾಸನೆ ಬಂತು. ಈಗ ಗಾಜಿನ ಮಣಿ. ಬಲಗಡೆಯ ತೂಕಕ್ಕೆ ಸರಿಯಾಗಿ ಅಡುಗೆಮನೆಯ ತಕ್ಕಡಿಯಲ್ಲಿ ಅಂದಾಜು ಮಾಡಿದ್ದೇನೆ. ಮೈಸೂರಿನ ವಾರ್ಡಿನಲ್ಲಿ ಪರಿಚಯವಾದ ಇಬ್ಬರು ಹೊಲಿಸಿಕೊಂಡು ಹೋಗಿದ್ದಾರೆ, ಕೂಲಿ ತೆಗೆದುಕೊಂಡೇ ಕೊಟ್ಟೆ.

ಜೀನ್ ವರದಿ ಬಂದ ಮೇಲೆ ಅಪ್ಪನ ಕಡೆಯ ಹೆಂಗಸರಿಗೆಲ್ಲ ಫೋನ್ ಮಾಡಿದೆ. ಸೋದರತ್ತೆಯ ಮಗಳಿಗೆ ಮೊದಲು, ಏಕೆಂದರೆ ನನಗಿಂತ ಅವಳು ಅದಕ್ಕೆ ಹತ್ತಿರ. ನನ್ನ ವರದಿ ಸರಿಯಿದೆಯೆಂದು ಅವಳದೂ ಸರಿಯಿರಬೇಕೆಂದೇನಿಲ್ಲ. ಅವಳು ಪೂರ್ತಿ ಕೇಳಿಸಿಕೊಳ್ಳಲಿಲ್ಲ. "ಮನೆಯಲ್ಲಿ ಮದುವೆಗೆ ಬಂದ ಇಬ್ಬರು ಹೆಣ್ಣುಮಕ್ಕಳಿದ್ದಾರೆ. ನಮ್ಮಮ್ಮ ಸತ್ತು ಎಷ್ಟು ಕಾಲವಾಯಿತು, ಈಗ ಅದನ್ನು ಊರಿಗೆಲ್ಲ ಸಾರುತ್ತೀಯಾ?" ಎಂದು ಇಟ್ಟಳು. ಗೌರಿ ಹಬ್ಬಕ್ಕೆ ಬಾಗಿನವೂ ಬರಲಿಲ್ಲ.

ದೀಪಾವಳಿ ಕಳೆದು ಮದುವೆಯ ಹಂಗಾಮು ಶುರುವಾದ ಮೇಲೆ ಒಂದು ದಿನ ಬೇಲೂರಿನ ಬಸ್ಸಿಳಿದು ಬಂದಳು, ಕೈಯಲ್ಲಿ ಮೂರು ಬ್ಲೌಸ್ ಪೀಸು. ಬೇಲೂರಿನಲ್ಲಿ ದರ್ಜಿಗಳಿಗೆ ಬರವಿಲ್ಲ. ಅಳತೆ ತೆಗೆಯುವಾಗ ಕೈ ಎತ್ತಿ ನಿಂತು, ಗೋಡೆಯ ನೀಲಿ ಗೀಟುಗಳನ್ನು ನೋಡುತ್ತಾ, ಆ ಪರೀಕ್ಷೆಗೆ ಬರಿಹೊಟ್ಟೆಯಲ್ಲಿ ಹೋಗಬೇಕಾ ಎಂದು ಕೇಳಿದಳು.

"ಬೇಡ. ತಿಂಡಿ ತಿಂದೇ ಹೋಗಬಹುದು. ಕಂಕುಳಿಗೆ ಪೌಡರ್ ಮಾತ್ರ ಹಾಕಿಕೊಳ್ಳಬೇಡ, ಚಿತ್ರದಲ್ಲಿ ಚುಕ್ಕೆ ಚುಕ್ಕೆ ಕಾಣುತ್ತದೆ. ತಿಂಗಳ ಮುಟ್ಟು ಮುಗಿದ ಮೇಲಿನ ವಾರ ಹೋದರೆ ನೋವು ಕಡಿಮೆ."

"ಸೀರೆಯೇ ಉಡಬೇಕಾ?"

"ಸೀರೆಯೋ ಚೂಡಿದಾರವೋ, ಮೇಲಿನದನ್ನು ಬೇರೆಯಾಗಿ ಬಿಚ್ಚುವಂತಿರಲಿ."

"ಹೆಣ್ಣುಮಕ್ಕಳಿಗೆ?"

"ಮೊದಲು ನಿನ್ನದು ಆಗಲಿ. ಆಮೇಲೆ ಡಾಕ್ಟರು ಏನು ಹೇಳುತ್ತಾರೋ ನೋಡೋಣ. ನಾನೂ ಜೊತೆಗೆ ಬರುತ್ತೇನೆ."

ಬ್ಲೌಸುಗಳನ್ನು ಯಾವಾಗ ಕೊಡುತ್ತೀಯಾ ಎಂದಳು. ಮುಂದಿನ ಬುಧವಾರ ಬಾ, ಬೆಳಗ್ಗೆ ಬೇಗ ಬಾ, ಸ್ಕ್ಯಾನಿಂಗ್ ಕೌಂಟರಿನಲ್ಲಿ ಒಂಬತ್ತಕ್ಕೇ ಚೀಟಿ ಕೊಡಲು ಶುರು ಮಾಡುತ್ತಾರೆ ಎಂದೆ.